ಕೇರ್ಡ್ ಗ್ರಂಥಾಲಯ ಮತ್ತು ಪತ್ರಾಗಾರಕ್ಕೆ ಒಂದು ದಿನದ ಭೇಟಿ: ಅರ್ಜಿದಾರರಿಗೆ ಮಾಹಿತಿ

ಲಂಡನ್ನಿನ ಗ್ರೀನಿಚ್‌ನಲ್ಲಿರುವ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯವು 1934ರ ಸಂಸತ್ತಿನ ಅಧಿನಿಯಮದನ್ವಯ ಸ್ಥಾಪಿತವಾಗಿ, 1937ರಲ್ಲಿ ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ಇದರ ಗ್ರಂಥಾಲಯಕ್ಕೆ ದಾನಿಗಳೂ ಹಡಗು ಉದ್ಯಮಿಗಳೂ ಆದ ಸರ್ ಜೇಮ್ಸ್ ಕೇರ್ಡ್ ಅವರ ಹೆಸರನ್ನಿಡಲಾಗಿದೆ. ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ದುಡಿದ ಪೂರ್ವಿಕರ ವಿವರಗಳನ್ನು ಅರಸುವವರಿಗೆ ಇದು ಮುಖ್ಯ ಆಕರವಾಗಿದೆ. ಆದರೆ ಪೂರ್ವಸಿದ್ಧತೆಯಿಲ್ಲದೆ ತೆರಳಿದಲ್ಲಿ ದೂರದ ಪ್ರಯಾಣವು ವ್ಯರ್ಥವಾಗುವ ಸಂಭವವಿರುತ್ತದೆ.

ಲಭ್ಯವಿರುವ ದಾಖಲೆಗಳು

1861, 1862 ಹಾಗೂ 1865ರಿಂದ 1955ರವರೆಗೆ 5ರಿಂದ ಕೊನೆಗೊಳ್ಳುವ ವರ್ಷಗಳ (1945ರ ಹೊರತು) ಹಡಗು ಸಿಬ್ಬಂದಿ ಪಟ್ಟಿಗಳ ಬಹುಭಾಗ ಇಲ್ಲಿದೆ. ನಾವಿಕನ ಹೆಸರು, ವಯಸ್ಸು, ಜನ್ಮಸ್ಥಳ, ಹುದ್ದೆ, ಹಿಂದಿನ ಹಡಗು, ಸೇರಿದ ಮತ್ತು ಬಿಡುಗಡೆಯಾದ ದಿನಾಂಕ ಇವುಗಳಲ್ಲಿ ಸಾಮಾನ್ಯವಾಗಿ ನಮೂದಾಗಿರುತ್ತವೆ.

ಭೇಟಿಗೆ ಮುನ್ನ

1. ನಾವಿಕನ ಹೆಸರು ಮಾತ್ರ ತಿಳಿದಿದ್ದರೆ ಸಾಲದು. ಪಟ್ಟಿಗಳನ್ನು ಹಡಗಿನ ಅಧಿಕೃತ ಸಂಖ್ಯೆಯ ಕ್ರಮದಲ್ಲಿ ಜೋಡಿಸಲಾಗಿದೆ. ಒಂದೇ ಹೆಸರಿನ ಹಲವು ಹಡಗುಗಳಿರುತ್ತಿದ್ದವು. ಹಡಗಿನ ಹೆಸರು ಬದಲಾದರೂ ಈ ಸಂಖ್ಯೆ ಬದಲಾಗುತ್ತಿರಲಿಲ್ಲ. ಆದ್ದರಿಂದ ಮೊದಲು ಈ ಸಂಖ್ಯೆಯನ್ನು ಮುದ್ರಿತ ಹಡಗು ನೋಂದಣಿ ಪುಸ್ತಕಗಳಲ್ಲಿ ಪತ್ತೆಹಚ್ಚತಕ್ಕದ್ದು.

2. 1915ರ ಪಟ್ಟಿಗಳನ್ನು ಅಂತರಜಾಲದಲ್ಲಿ ಹೆಸರಿನ ಮೂಲಕ ಉಚಿತವಾಗಿ ಹುಡುಕಬಹುದು. ಈ ವರ್ಷಕ್ಕೆ ಸಂಬಂಧಿಸಿದವರು ಮೊದಲು ಮನೆಯಿಂದಲೇ ಪರಿಶೀಲಿಸುವುದು ಸೂಕ್ತ.

3. ದಾಖಲೆಗಳನ್ನು ಮುಂಚಿತವಾಗಿ ಕೋರಿ, ಅವು ಓದುಕೋಣೆಗೆ ಬರುವ ದಿನವನ್ನು ಖಚಿತಪಡಿಸಿಕೊಂಡ ನಂತರವೇ ಪ್ರಯಾಣ ನಿಗದಿಪಡಿಸುವುದು.

ಓದುಕೋಣೆಯಲ್ಲಿ

ಗುರುತಿನ ದಾಖಲೆಯನ್ನು ಜೊತೆಯಲ್ಲಿ ಕೊಂಡೊಯ್ಯತಕ್ಕದ್ದು. ಟಿಪ್ಪಣಿಗೆ ಪೆನ್ಸಿಲನ್ನು ಮಾತ್ರ ಬಳಸಬೇಕು. ಶಾಯಿಯ ಕಲೆಯನ್ನು ಹಳೆಯ ಕಾಗದದಿಂದ ತೆಗೆಯಲು ಸಾಧ್ಯವಾಗದು.

ಭಾರತೀಯ ನಾವಿಕರ ವಾರಸುದಾರರ ಗಮನಕ್ಕೆ

ಲಸ್ಕರರೆಂದು ಕರೆಯಲ್ಪಡುತ್ತಿದ್ದ ಭಾರತೀಯ ನಾವಿಕರನ್ನು ಪ್ರತ್ಯೇಕ ಕರಾರುಪತ್ರಗಳಡಿ ನೇಮಿಸಿಕೊಳ್ಳಲಾಗುತ್ತಿತ್ತು. ಅವರ ಹೆಸರುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಕಿವಿಗೆ ಕೇಳಿಸಿದಂತೆ ಬರೆದಿರುವ ಕಾರಣ, ಒಂದೇ ಹೆಸರನ್ನು ಹಲವು ಕಾಗುಣಿತಗಳಲ್ಲಿ ಹುಡುಕುವುದು ಅವಶ್ಯ.

ವಿಶೇಷ ಸೂಚನೆ

ರಾಯಲ್ ನೇವಿ ಸಿಬ್ಬಂದಿಯ ಸೇವಾ ದಾಖಲೆಗಳಿಗಾಗಿ ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ಪತ್ರಾಗಾರವನ್ನು ಮೊದಲು ವಿಚಾರಿಸತಕ್ಕದ್ದು. 1945ರ ವ್ಯಾಪಾರಿ ಹಡಗುಗಳ ಪಟ್ಟಿಗಳೂ ಅಲ್ಲಿಯೇ ಇವೆ. 1863ರ ನಂತರದ ಇತರ ವರ್ಷಗಳ ಪಟ್ಟಿಗಳ ಬಹುಪಾಲು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮೆಮೋರಿಯಲ್ ವಿಶ್ವವಿದ್ಯಾಲಯದ ಸಾಗರ ಇತಿಹಾಸ ಪತ್ರಾಗಾರದಲ್ಲಿದೆ. ಆದುದರಿಂದ ಗ್ರೀನಿಚ್‌ನಲ್ಲಿ ಹೆಸರು ದೊರೆಯದ ಮಾತ್ರಕ್ಕೆ ಆ ವ್ಯಕ್ತಿ ಹಡಗಿನಲ್ಲಿ ಸೇವೆ ಸಲ್ಲಿಸಿರಲಿಲ್ಲವೆಂದು ತೀರ್ಮಾನಿಸಬಾರದು.