ಕುಂಡದ ಗಿಡಗಳಿಗೆ ನೀರುಣಿಸುವ ಸರಿಯಾದ ಕ್ರಮ

ಮನೆಯಂಗಳ, ತಾರಸಿ ಹಾಗೂ ಬಾಲ್ಕನಿಗಳಲ್ಲಿ ಬೆಳೆಸುವ ತುಳಸಿ, ಕರಿಬೇವು, ದಾಸವಾಳ, ಮಲ್ಲಿಗೆ ಮುಂತಾದ ಕುಂಡದ ಗಿಡಗಳು ನೀರಿನ ಕೊರತೆಯಿಂದ ಮಾತ್ರವಲ್ಲದೆ ಅತಿಯಾದ ನೀರಿನಿಂದಲೂ ಸಾಯುತ್ತವೆ. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಿಂದ ಸಸಿಗಳನ್ನು ಪಡೆಯುವ ಸಾರ್ವಜನಿಕರು ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ.

ಬೇರಿಗೂ ಗಾಳಿ ಅಗತ್ಯ

ಬೇರುಗಳು ನೀರನ್ನು ಹೀರುವುದಲ್ಲದೆ ಉಸಿರಾಡುತ್ತವೆ. ಮಣ್ಣಿನ ಕಣಗಳ ನಡುವಿನ ತೆರಪುಗಳಲ್ಲಿರುವ ಗಾಳಿಯಿಂದ ಅವು ಆಮ್ಲಜನಕವನ್ನು ಪಡೆಯುತ್ತವೆ. ಮಣ್ಣು ಸದಾ ತೊಯ್ದಿದ್ದಲ್ಲಿ ಈ ತೆರಪುಗಳಲ್ಲಿ ನೀರು ತುಂಬಿ, ಬೇರುಗಳು ದುರ್ಬಲಗೊಂಡು, ಶಿಲೀಂಧ್ರಗಳಿಗೆ ತುತ್ತಾಗಿ ಕೊಳೆಯುತ್ತವೆ. ಕೊಳೆತ ಬೇರು ನೀರನ್ನು ಹೀರಲಾರದು. ಆದುದರಿಂದ ಮಣ್ಣಿನಲ್ಲಿ ನೀರಿದ್ದರೂ ಎಲೆಗಳು ಬಾಡುತ್ತವೆ. ಇದನ್ನು ನೀರಿನ ಕೊರತೆಯೆಂದು ಭಾವಿಸಿ ಮತ್ತಷ್ಟು ನೀರೆರೆದರೆ ಗಿಡ ಉಳಿಯುವುದಿಲ್ಲ. ಎಲೆ ಬಾಡಿದಾಗ ಮೊದಲು ಮಣ್ಣನ್ನು ಪರೀಕ್ಷಿಸತಕ್ಕದ್ದು.

ನೀರುಣಿಸುವ ವಿಧಾನ

1. ಬೆರಳನ್ನು ಮಣ್ಣಿನೊಳಗೆ 2ರಿಂದ 3 ಸೆಂ.ಮೀ. ಇಳಿಸಿ ನೋಡಬೇಕು. ತೇವವಿದ್ದರೆ ಅಂದು ನೀರು ಬೇಕಿಲ್ಲ. ಒಣಗಿದ್ದರೆ ಮಾತ್ರ ಎರೆಯಬೇಕು.
2. ತಳದ ರಂಧ್ರದಿಂದ ನೀರು ಹೊರಬರುವವರೆಗೆ ನಿಧಾನವಾಗಿ ಬುಡಕ್ಕೆ ಎರೆಯಬೇಕು. ಪ್ರತಿದಿನ ಸ್ವಲ್ಪವೇ ಚಿಮುಕಿಸಿದಲ್ಲಿ ಮೇಲ್ಪದರ ಮಾತ್ರ ನೆನೆದು, ಬೇರುಗಳು ಆಳಕ್ಕಿಳಿಯದೆ ಬೇಸಿಗೆಯಲ್ಲಿ ಬೇಗ ಒಣಗುತ್ತವೆ.
3. ಬೆಳಗಿನ ವೇಳೆ ನೀರುಣಿಸುವುದು ಉತ್ತಮ.
4. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯ ನಂತರ ಚೆಲ್ಲಬೇಕು. ನಿಂತ ನೀರು ಬೇರಿಗೆ ಹಾನಿಕರವಲ್ಲದೆ, ಡೆಂಗೀ ಹರಡುವ ಈಡಿಸ್ ಸೊಳ್ಳೆಗಳ ಉತ್ಪತ್ತಿಗೂ ಕಾರಣವಾಗುತ್ತದೆ.
5. ಮಣ್ಣು ಪೂರ್ಣ ಒಣಗಿ ಕುಂಡದ ಅಂಚಿನಿಂದ ಬಿಟ್ಟುಕೊಂಡಿದ್ದರೆ, ಎರೆದ ನೀರು ಬದಿಯಿಂದಲೇ ಹರಿದುಹೋಗುತ್ತದೆ. ಅಂತಹ ಕುಂಡವನ್ನು ಅರ್ಧ ಗಂಟೆ ನೀರಿನ ಬಕೆಟ್ಟಿನಲ್ಲಿಟ್ಟು, ನಂತರ ನೀರು ಬಸಿಯಲು ಬಿಡಬೇಕು.

ಕುಂಡ ಮತ್ತು ಋತುಮಾನ

ಮಣ್ಣಿನ ಕುಂಡದ ಗೋಡೆಯ ಮೂಲಕವೂ ನೀರು ಆವಿಯಾಗುವುದರಿಂದ ಅದು ಪ್ಲಾಸ್ಟಿಕ್ ಕುಂಡಕ್ಕಿಂತ ಬೇಗ ಒಣಗುತ್ತದೆ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ಸಣ್ಣ ಕುಂಡಗಳಿಗೆ ಪ್ರತಿದಿನ ನೀರು ಬೇಕಾಗಬಹುದು. ಮುಂಗಾರಿನಲ್ಲಿ ಹಲವು ದಿನ ಬೇಕಾಗದಿರಬಹುದು. ತಳರಂಧ್ರವಿಲ್ಲದ ಕುಂಡಗಳನ್ನು ಬಳಸಬಾರದು. ತಳದಲ್ಲಿ ಜಲ್ಲಿ ತುಂಬುವುದರಿಂದ ನೀರು ಹೆಚ್ಚು ಬಸಿಯುವುದಿಲ್ಲ. ರಂಧ್ರದ ಮೇಲೆ ಒಂದು ಹೆಂಚಿನ ಚೂರನ್ನು ಬೋರಲಾಗಿಟ್ಟು, ಮರಳು ಹಾಗೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದ ಸಡಿಲ ಕೆಂಪು ಮಣ್ಣನ್ನು ತುಂಬಬೇಕು.

ಬೇರು ಕೊಳೆತಿರುವ ಸಂಶಯವಿದ್ದಲ್ಲಿ

ನೀರೆರೆಯುವುದನ್ನು ನಿಲ್ಲಿಸಿ, ಗಿಡವನ್ನು ಕುಂಡದಿಂದ ಹೊರತೆಗೆದು ನೋಡಬೇಕು. ಆರೋಗ್ಯವಂತ ಬೇರು ಸಾಮಾನ್ಯವಾಗಿ ಬಿಳಿಯಾಗಿ ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಪ್ಪಾಗಿ ಮೆತ್ತಗಾಗಿ ದುರ್ವಾಸನೆ ಬೀರುತ್ತದೆ. ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ಹೊಸ ಮಣ್ಣಿನಲ್ಲಿ ನೆಟ್ಟು, ಕೆಲವು ದಿನ ನೆರಳಿನಲ್ಲಿಡಬೇಕು. ಗಟ್ಟಿ ಬೇರುಗಳು ಸಾಕಷ್ಟು ಉಳಿದಿದ್ದಲ್ಲಿ ಗಿಡ ಚೇತರಿಸಿಕೊಳ್ಳುವ ಸಾಧ್ಯತೆಯಿರುತ್ತದೆ.

ಹೆಚ್ಚಿನ ಮಾಹಿತಿಗಾಗಿ ತಮ್ಮ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದು.