ಸ್ಟಾರ್ ಸುದ್ದಿ ಬಂತಾ? ಮೊದಲು ಅದರ ವಿಳಾಸ ಕೇಳಿ

ಪತ್ತಿಕೊಂಡ: ಮುಂಗಾರು ಮಳೆ ಬಿದ್ದರೆ ಸಾಕು, ಜೊನ್ನಗಿರಿ, ತುಗ್ಗಲಿ ಸುತ್ತಲಿನ ಹೊಲಗಳಲ್ಲಿ ಜನವೋ ಜನ. ಕರ್ನಾಟಕದ ಕಡೆಯಿಂದಲೂ ಬುತ್ತಿ ಕಟ್ಟಿಕೊಂಡು ವಜ್ರ ಹುಡುಕಲು ಬರುವವರಿದ್ದಾರೆ. ಹೊಳೆಯುವ ಕಲ್ಲು ಸಿಕ್ಕಿತೆಂದು ಯಾರೂ ಅಲ್ಲೇ ಸಿಹಿ ಹಂಚುವುದಿಲ್ಲ. ವ್ಯಾಪಾರಿಗೆ ತೋರಿಸಿ, ಇನ್ನೊಬ್ಬರನ್ನೂ ಕೇಳಿ, ಆಮೇಲೇ ಮಾತು. ಆದರೆ ಮೊಬೈಲ್‌ಗೆ ಸಿನಿಮಾ ನಟರ ಸುದ್ದಿಯೊಂದು ಬಂದರೆ? ಕೇಳುವುದಿಲ್ಲ, ವಿಚಾರಿಸುವುದಿಲ್ಲ. ಬೆರಳು ಸೀದಾ ‘ಫಾರ್ವರ್ಡ್’ ಮೇಲೆ!

ಈ ಭಾಗದ ಕನ್ನಡ ಮನೆಗಳಿಗೆ ತಾಪತ್ರಯ ಡಬಲ್. ಕನ್ನಡದ ಸುದ್ದಿಯೂ ಬರುತ್ತದೆ, ತೆಲುಗಿನದೂ ಬರುತ್ತದೆ. ಬಳ್ಳಾರಿ ಬೀಗರ ಗ್ರೂಪ್, ಬೆಂಗಳೂರಿಗೆ ದುಡಿಯಲು ಹೋದ ಹುಡುಗರ ಗ್ರೂಪ್, ಆದೋನಿ ಗೆಳೆಯರ ಗ್ರೂಪ್... ‘ನಮ್ಮ ಹುಡುಗಾನೇ ಕಳಿಸ್ಯಾನ, ಸುಳ್ಳು ಯಾಕಿರ್ತದ?’ ಎನ್ನುವುದು ಮನೆ ಮನೆಯ ಮಾತು. ಕಳಿಸಿದವನು ನಮ್ಮವನೇ, ಖರೆ. ಆದರೆ ಅದನ್ನು ಮೊದಲು ಬರೆದವನು ಯಾರು?

ಬದುಕಿದ್ದವರಿಗೇ ಶ್ರದ್ಧಾಂಜಲಿ

2023ರ ಮಾರ್ಚ್ 21. ಮರುದಿನ ಯುಗಾದಿ. ತೆಲುಗಿನ ಹಿರಿಯ ನಟ ಕೋಟ ಶ್ರೀನಿವಾಸರಾವ್ ತೀರಿಕೊಂಡರೆಂದು ಪೋಸ್ಟ್ ಹರಿದಾಡಿತು. ಮನೆಗೆ ಫೋನ್ ಮೇಲೆ ಫೋನ್. ಬಂದೋಬಸ್ತಿಗೆಂದು ಪೊಲೀಸರೂ ಬಂದರು. ಕೊನೆಗೆ ಅವರೇ ವಿಡಿಯೊ ಮಾಡಿ ತಾವು ಬದುಕಿರುವುದಾಗಿ ಹೇಳಬೇಕಾಯಿತು. ಅವರು ನಿಧನರಾದದ್ದು ಎರಡು ವರ್ಷದ ಮೇಲೆ, 2025ರ ಜುಲೈ 13ರಂದು.

ಅದೇ 2023ರ ಸೆಪ್ಟೆಂಬರ್ 6ರಂದು ಕನ್ನಡದ ನಟಿ ರಮ್ಯಾ ಸರದಿ. ಹೃದಯಾಘಾತದಿಂದ ಹೋದರೆಂದು ಪೋಸ್ಟ್‌ಗಳು. ಕೆಲವು ವಾಹಿನಿಗಳೂ ನಂಬಿ ಕೆಟ್ಟವು. ರಮ್ಯಾ ಆಗ ಜಿನೀವಾದಲ್ಲಿ ಆರಾಮಾಗಿದ್ದರು. ಅದಕ್ಕೆ ತಿಂಗಳ ಹಿಂದಷ್ಟೇ ನಟ ವಿಜಯ ರಾಘವೇಂದ್ರ ಅವರ ಪತ್ನಿ ಸ್ಪಂದನಾ ಬ್ಯಾಂಕಾಕ್‌ನಲ್ಲಿ ತೀರಿಕೊಂಡಿದ್ದರು. ರಮ್ಯಾ ಅವರ ಇನ್ನೊಂದು ಹೆಸರು ದಿವ್ಯ ಸ್ಪಂದನ. ಹೆಸರಿನ ಗೊಂದಲವೇ ಗಾಳಿಸುದ್ದಿಗೆ ಕಾರಣವಾಗಿರಬಹುದು ಎಂಬ ಮಾತು ಆಗ ಕೇಳಿಬಂತು.

ನಿಜ ಸುದ್ದಿಗೆ ವಿಳಾಸ ಇರುತ್ತದೆ

ಹಾಗಂತ ಬಂದದ್ದೆಲ್ಲ ಸುಳ್ಳೂ ಅಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಸುದ್ದಿ ಬಂದಾಗ ‘ಇದು ಸುಳ್ಳಾಗಲಿ’ ಎಂದು ಬೇಡಿಕೊಳ್ಳದ ಕನ್ನಡಿಗನಿಲ್ಲ. ಆದರೆ ಆ ಸುದ್ದಿಗೆ ವಿಳಾಸವಿತ್ತು. ಯಾವ ಆಸ್ಪತ್ರೆ ಎಂಬುದಿತ್ತು: ಬೆಂಗಳೂರಿನ ವಿಕ್ರಂ ಆಸ್ಪತ್ರೆ. ಎಷ್ಟು ಹೊತ್ತಿಗೆ ಕರೆತಂದರು, ಏನಾಗಿತ್ತು ಎಂದು ಆಸ್ಪತ್ರೆಯೇ ಹೇಳಿತು. ಮುಖ್ಯಮಂತ್ರಿಯೂ ಮಾತಾಡಿದರು. ಹೇಳಿದವರು ಯಾರು, ಎಲ್ಲಿ, ಯಾವಾಗ ಎಂಬ ಮೂರಕ್ಕೂ ಉತ್ತರ ಸಿಗುತ್ತಿತ್ತು. ಸುಳ್ಳು ಪೋಸ್ಟ್‌ನಲ್ಲಿ ಇರುವುದು ಹೂಹಾರ ಹಾಕಿದ ಫೋಟೊ, ‘ಓಂ ಶಾಂತಿ’, ‘ಕೂಡಲೇ ಶೇರ್ ಮಾಡಿ’. ಅಷ್ಟೇ!

ಮುಖ ಒಬ್ಬರದು, ಮೈ ಇನ್ನೊಬ್ಬರದು

ಈಗ ಕಣ್ಣಾರೆ ಕಂಡದ್ದನ್ನೂ ನಂಬುವಂತಿಲ್ಲ. ಕೊಡಗಿನ ಹುಡುಗಿ, ಕನ್ನಡದ ‘ಕಿರಿಕ್ ಪಾರ್ಟಿ’ಯಿಂದ ತೆಲುಗಿಗೆ ಹೋಗಿ ಹೆಸರು ಮಾಡಿದ ರಶ್ಮಿಕಾ ಮಂದಣ್ಣ ಅವರದೆಂದು 2023ರ ನವೆಂಬರ್‌ನಲ್ಲಿ ಲಿಫ್ಟ್ ವಿಡಿಯೊ ಒಂದು ಹಬ್ಬಿತು. ಅದು ಬೇರೊಬ್ಬ ಯುವತಿಯ ವಿಡಿಯೊ. ಕಂಪ್ಯೂಟರ್‌ನಿಂದ ಮುಖ ಅಂಟಿಸಲಾಗಿತ್ತು. ನಿಧಾನವಾಗಿ ನೋಡಿದವರಿಗೆ, ಆಕೆ ಲಿಫ್ಟ್ ಒಳಗೆ ಬರುವ ಮೊದಲ ಕ್ಷಣದಲ್ಲಿ ಮುಖ ಬೇರೆಯೇ ಇದ್ದದ್ದು ಕಂಡಿತು. 2024ರ ಜನವರಿಯಲ್ಲಿ ದಿಲ್ಲಿ ಪೊಲೀಸರು ಬಂಧಿಸಿದ್ದು ನಮ್ಮ ಆಂಧ್ರದ್ದೇ ಗುಂಟೂರಿನ ಯುವಕನನ್ನು. ರಶ್ಮಿಕಾ ಹೆಸರಿನ ಅಭಿಮಾನಿ ಪುಟಕ್ಕೆ ಫಾಲೋವರ್‌ಗಳನ್ನು ಹೆಚ್ಚಿಸಿಕೊಳ್ಳಲು ಹೀಗೆ ಮಾಡಿದನೆಂದು ಪೊಲೀಸರು ಹೇಳಿದರು. ಅಂದರೆ ಒಬ್ಬ ಹೆಣ್ಣುಮಗಳ ಮಾನ ಇವರಿಗೆ ಲೈಕ್‌ಗಳ ವ್ಯಾಪಾರ. ಅದನ್ನು ಮುಂದೆ ಕಳಿಸಿದ ನಾವೆಲ್ಲ ಆ ವ್ಯಾಪಾರದ ಗಿರಾಕಿಗಳು.

ದುಡ್ಡು ಕೇಳಿದರೆ ಹುಷಾರು

ಮಾನದ ಕತೆ ಅದಾದರೆ, ಹಣದ ಕತೆ ಇನ್ನೊಂದು. 2023ರ ಡಿಸೆಂಬರ್‌ನಲ್ಲಿ ಇನ್ಫೊಸಿಸ್‌ನ ನಾರಾಯಣಮೂರ್ತಿ ಅವರು, ತಾವು ಯಾವುದೇ ಟ್ರೇಡಿಂಗ್ ಆ್ಯಪ್‌ಗೆ ಪ್ರಚಾರ ಕೊಟ್ಟಿಲ್ಲ, ವಿಡಿಯೊಗಳು ನಕಲಿ ಎಂದು ಎಚ್ಚರಿಸಿದರು. 2024ರ ಜನವರಿಯಲ್ಲಿ ಸಚಿನ್ ತೆಂಡೂಲ್ಕರ್ ಕೂಡ ಇಂಥದ್ದೇ ದೂರು ಹೇಳಿದರು. ಗೇಮ್ ಆ್ಯಪ್‌ನಿಂದ ತಮ್ಮ ಮಗಳು ದುಡ್ಡು ಗಳಿಸುತ್ತಿದ್ದಾಳೆ ಎಂದು ಅವರ ಬಾಯಲ್ಲೇ ಹೇಳಿಸಲಾಗಿತ್ತು. ಟೊಮೆಟೊ ಮಾರಿ ಬಂದ ಹಣ, ಮಗಳ ಮದುವೆಗೆ ಕೂಡಿಟ್ಟ ಹಣ ಇಂಥ ಆ್ಯಪ್‌ಗೆ ಹೋದರೆ ವಾಪಸ್ ಬರೋದು ಕಷ್ಟ.

ಏನು ನೋಡಬೇಕು?

* ಮೊದಲು ಹೇಳಿದವರು ಯಾರು? ನಟರ ಅಧಿಕೃತ ಖಾತೆಯಲ್ಲಿ ಇದೆಯೇ? ನೀಲಿ ಟಿಕ್ ಒಂದನ್ನೇ ನಂಬಬೇಡಿ. ಈಗ ತಿಂಗಳ ಬಾಡಿಗೆ ಕಟ್ಟಿದರೆ ಅದೂ ಸಿಗುತ್ತದೆ.

* ತಾರೀಕು ಇದೆಯೇ? ಹಳೇ ಆಸ್ಪತ್ರೆ ಫೋಟೊಗೆ ಹೊಸ ಸುದ್ದಿ ಅಂಟಿಸುವುದು ಹಳೇ ಚಾಳಿ.

* ಹೆಸರಿರುವ ಎರಡು ಪತ್ರಿಕೆಗಳಲ್ಲಿ ಬಂದಿದೆಯೇ? ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿದ್ದರೆ ಅದು ಒಂದೇ ಲೆಕ್ಕ.

* ತುಟಿಗೂ ಮಾತಿಗೂ ಹೊಂದುತ್ತದೆಯೇ? ಮುಖದ ಅಂಚು, ಕಿವಿ, ಕುತ್ತಿಗೆ ಅಲುಗಿದಂತಿದೆಯೇ? ಎಲ್ಲ ಸರಿ ಕಂಡರೂ ಅದೇ ಪುರಾವೆಯಲ್ಲ.

* ಕೊನೆಗೆ, ಈ ಪೋಸ್ಟ್ ನಿಮ್ಮಿಂದ ಏನು ಕೇಳುತ್ತಿದೆ? ಸಿಟ್ಟು, ಅಳು, ಶೇರ್, ಲಿಂಕ್ ಒತ್ತು, ದುಡ್ಡು ಹಾಕು ಎಂದು ಅವಸರ ಮಾಡಿದರೆ ಅಲ್ಲೇ ನಿಲ್ಲಿ.

ದೂರಿಗೆ ಗಡಿ ಅಡ್ಡವಿಲ್ಲ

ಸಿಮ್ ಕರ್ನಾಟಕದ್ದು, ಬ್ಯಾಂಕ್ ಖಾತೆ ಆಂಧ್ರದ್ದು, ದೂರು ಎಲ್ಲಿ ಕೊಡೋದು? ಗಡಿ ಕುಟುಂಬಗಳ ಈ ಚಿಂತೆಗೆ ಉತ್ತರವಿದೆ. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಇದು ಇಡೀ ದೇಶಕ್ಕೆ ಒಂದೇ ಸಂಖ್ಯೆ. ಬೇಗ ತಿಳಿಸಿದಷ್ಟೂ, ಹಣ ಕೈ ಬದಲಾಗುವ ಮೊದಲು ತಡೆಯುವ ಅವಕಾಶ ಹೆಚ್ಚು. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಂತೆ, ಘಟನೆ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆಯಲ್ಲೇ ದೂರು ದಾಖಲಿಸಬಹುದು. ಮಾನ ಕಳೆಯುವ ವಿಡಿಯೊ ಇದ್ದರೂ ಅಷ್ಟೇ. ಸ್ಕ್ರೀನ್‌ಶಾಟ್, ಲಿಂಕ್ ಅಳಿಸದೇ ಇಟ್ಟುಕೊಳ್ಳಿ.

ಪತ್ತಿಕೊಂಡ ಮಾರ್ಕೆಟ್‌ಗೆ ಟೊಮೆಟೊ ತರುವ ರೈತ ಯಾರೋ ಒಬ್ಬ ಹೇಳಿದ ರೇಟ್ ನಂಬಿ ಗಾಡಿ ಹೊರಡಿಸುವುದಿಲ್ಲ. ಇನ್ನೊಂದು ಕಡೆ ಫೋನ್ ಮಾಡಿ ಕೇಳುತ್ತಾನೆ. ನಟರ ಸುದ್ದಿಗೂ ಅದೇ ಒಂದು ಫೋನ್, ಅದೇ ಐದು ನಿಮಿಷ ಕೊಟ್ಟರೆ ಸಾಕು. ನಿಜವಾಗಿದ್ದರೆ ಐದು ನಿಮಿಷ ತಡವಾದರೂ ಅದು ನಿಜವೇ. ಸುಳ್ಳಾಗಿದ್ದರೆ, ಅದು ನಿಮ್ಮ ಮನೆಯ ಹೊಸ್ತಿಲಲ್ಲೇ ನಿಂತಿತು!