ಇದ್ದಿಲು ಮತ್ತು ಗ್ರಾಫೀನ್



ಅಡಿಕೆ ಸಿಪ್ಪೆ ಸುಟ್ಟ ಇದ್ದಿಲೇ ಗ್ರಾಫೀನ್, ಬಂಗಾರದ ಬೆಲೆ ಬರುತ್ತದೆ, ಭಟ್ಟಿಗೆ ಮುಂಗಡ ಕೊಡಿ ಎಂದು ಮೂಡಲಗಿ, ಹುಕ್ಕೇರಿ ಕಡೆ ಯಾರೋ ಹೇಳುತ್ತಿರುವುದಾಗಿ ಕೆಲವರು ವಿಚಾರಿಸಿದ್ದಾರೆ. ಹಣ ಬಿಚ್ಚುವ ಮೊದಲು ಇಷ್ಟು ಓದಬೇಕು.

ಇದ್ದಿಲೂ ಪೆನ್ಸಿಲಿನೊಳಗಿನ ಗ್ರಾಫೈಟೂ ಮುಖ್ಯವಾಗಿ ಇಂಗಾಲವೇ. ಭೇದವಿರುವುದು ಪರಮಾಣುಗಳ ಜೋಡಣೆಯಲ್ಲಿ. ಇದ್ದಿಲಿನಲ್ಲಿ ಅವು ಚೆಲ್ಲಾಪಿಲ್ಲಿ. ಗ್ರಾಫೈಟಿನಲ್ಲಿ ಜೇನುಹುಟ್ಟಿನ ಕೋಣೆಗಳಂತೆ ಹೆಣೆದ ಹಾಳೆಗಳು ಒಂದರ ಮೇಲೊಂದು ಕೂತಿವೆ. ಒಂದೇ ಪರಮಾಣು ದಪ್ಪದ ಅಂಥ ಒಂಟಿ ಹಾಳೆಯೇ ಗ್ರಾಫೀನ್. ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೋವ್ ಅದನ್ನು ಬರೀ ಅಂಟುಪಟ್ಟಿಯಿಂದ ಸುಲಿದು ತೆಗೆದು 2004ರಲ್ಲಿ ಪ್ರಕಟಿಸಿದರು. 2010ರಲ್ಲಿ ನೊಬೆಲ್ ಬಂತು.

2025ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಜಪಾನಿನ ವಿಜ್ಞಾನಿಗಳೊಂದಿಗೆ ಇದರಲ್ಲೊಂದು ಸೋಜಿಗ ಕಂಡರು. ಅತಿ ಶುದ್ಧ ಗ್ರಾಫೀನಿನಲ್ಲಿ ಇಲೆಕ್ಟ್ರಾನುಗಳು ಬಿಡಿಬಿಡಿಯಾಗಿ ಓಡದೆ, ಗೋಕಾಕದಲ್ಲಿ ಧುಮುಕುವ ಮುನ್ನ ಘಟಪ್ರಭೆ ಸಾಗುವಂತೆ, ಒಂದೇ ಪ್ರವಾಹವಾಗಿ ಹರಿದವು. ಲೋಹಗಳಲ್ಲಿ ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದು ಶಾಖವನ್ನೂ ಒಯ್ಯುತ್ತದೆ. ಇಲ್ಲಿ ಒಂದು ಏರಿದರೆ ಇನ್ನೊಂದು ಇಳಿಯಿತು! ಅಷ್ಟು ಶುದ್ಧ ಹಾಳೆ ಹೊಲದ ಭಟ್ಟಿಯಲ್ಲಿ ಹುಟ್ಟುವುದಿಲ್ಲ.

ತೆಂಗಿನ ಚಿಪ್ಪಿನ ಇದ್ದಿಲನ್ನು ಹೆಚ್ಚು ಶಾಖದಲ್ಲಿ ಹಬೆ ಹಾಯಿಸಿ ಸಕ್ರಿಯ ಇಂಗಾಲ ಮಾಡುತ್ತಾರೆ, ಅದು ನೀರು ಸೋಸಲು ಬೇಕಾಗುತ್ತದೆ. ಒಳ್ಳೆಯ ಸರಕು, ಆದರೆ ಗ್ರಾಫೀನಲ್ಲ.

ಯಾರಾದರೂ ಕರಾರುಪತ್ರ ತಂದರೆ, ಸಹಿ ಹಾಕುವ ಮೊದಲು ಸಂಘದ ಕಚೇರಿಗೆ ತಂದು ತೋರಿಸಿರಿ.

— ಕಾರ್ಯದರ್ಶಿ